ಧುಪದಾಳದ ಒಡ್ಡು, ನ್ಯೂಯಾರ್ಕಿನ ಕಚೇರಿ ಮತ್ತು ನಾವು ಅರ್ಧ ಮರೆತ ಹರ್ಡೀಕರ್

ಎಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ ಹೊಸದರಲ್ಲಿ ದೆಹಲಿಯ ಒಂದು ಥಿಂಕ್ ಟ್ಯಾಂಕಿನ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೆ. ವಿದೇಶಾಂಗ ನೀತಿಯ ಮೇಲೆ ಕೆಲಸ ಮಾಡುವ ಸಂಸ್ಥೆ, ಹೆಸರು ಇಲ್ಲಿ ಬೇಡ. ನಿಮ್ಮ ಬೆಳಗಾವಿ ಕಡೆಯಿಂದ ಈ ಕ್ಷೇತ್ರದಲ್ಲಿ ದುಡಿದವರು ಯಾರಾದರೂ ಇದ್ದಾರಾ ಅಂತ ಸಂದರ್ಶನದಲ್ಲಿ ಒಬ್ಬರು ಕೇಳಿದರು. ನಾನು ಸ್ವಲ್ಪ ಯೋಚಿಸಿ ಇಲ್ಲ ಅಂದೆ. ಫೆಲೋಶಿಪ್ ಸಿಗಲಿಲ್ಲ, ಅದರ ಬಗ್ಗೆ ಈಗ ಬೇಸರವೂ ಇಲ್ಲ. ಬೇಸರ ಇರೋದು ನಾನು ಕೊಟ್ಟ ಉತ್ತರದ ಬಗ್ಗೆ. ಯಾಕಂದ್ರೆ ಅದು ತಪ್ಪಾಗಿತ್ತು.

ಸರಿಯಾದ ಉತ್ತರದ ಪಕ್ಕದಲ್ಲೇ ನಾನು ಒಮ್ಮೆ ನಿಂತು ಬಂದಿದ್ದೆ. ಸಿವಿಲ್ ಓದುವಾಗ ನಮ್ಮನ್ನು ಗೋಕಾಕ ತಾಲೂಕಿನ ಧುಪದಾಳಕ್ಕೆ ಕರೆದುಕೊಂಡು ಹೋಗಿದ್ದರು. ಘಟಪ್ರಭಾ ನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ಅಲ್ಲಿದೆ. ಅದರ ಹಿನ್ನೀರಿನಲ್ಲಿ ಈಗ ಪಕ್ಷಿಧಾಮ ಇದೆ, ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಅಳತೆ ಬರೆದುಕೊಂಡು, ಫೋಟೋ ತೆಗೆಸಿಕೊಂಡು, ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ವಾಪಸ್ ಬಂದೆವು. ಅದೇ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮ ಇದೆ. ಸ್ವಾತಂತ್ರ್ಯಕ್ಕೂ ಮೊದಲು ಕೆಲವು ವೈದ್ಯರು ಸೇರಿ ಕಟ್ಟಿದ ಸಂಸ್ಥೆ. ಅವರಲ್ಲಿ ಒಬ್ಬರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್.

ಹರ್ಡೀಕರ್ ಅಂದರೆ ಸೇವಾದಳ, ಇಷ್ಟು ನಮ್ಮ ಕಡೆ ಹಿರಿಯರಿಗೆ ಗೊತ್ತು. ಬಿಳಿ ಟೋಪಿ, ಕವಾಯತು, ಧ್ವಜವಂದನೆ. ಆದರೆ ಸೇವಾದಳ ಕಟ್ಟುವ ಮೊದಲು ಈ ಮನುಷ್ಯ ನ್ಯೂಯಾರ್ಕಿನಲ್ಲಿ ಕೂತು ಇವತ್ತು ನಾವು ಥಿಂಕ್ ಟ್ಯಾಂಕ್ ಅಂತ ಕರೆಯುವಂಥ ಒಂದು ಸಂಸ್ಥೆ ನಡೆಸುತ್ತಿದ್ದರು ಅನ್ನೋದು ನನಗೆ ತುಂಬ ತಡವಾಗಿ ಗೊತ್ತಾಯಿತು. ಅವರ ಬದುಕಿನ ಆ ಅರ್ಧವೇ ಇವತ್ತಿನ ನಮ್ಮ ಚರ್ಚೆಗೆ ಹೆಚ್ಚು ಬೇಕಾದದ್ದು.

ಹರ್ಡೀಕರ್ ಹುಟ್ಟಿದ್ದು 1889ರ ಮೇ 7ರಂದು, ಧಾರವಾಡದಲ್ಲಿ. ವೈದ್ಯಕೀಯ ಓದಿದ್ದು ಕಲ್ಕತ್ತಾದಲ್ಲಿ. 1913ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು, 1916ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎಸ್ಸಿ. ಮುಗಿಸಿದರು. ಅಲ್ಲಿನ ಭಾರತೀಯ ವಿದ್ಯಾರ್ಥಿಗಳ ಹಿಂದೂಸ್ಥಾನ್ ಅಸೋಸಿಯೇಷನ್ನಿನ ಅಧ್ಯಕ್ಷರೂ ಆದರು. ಮನೆಯವರ ಲೆಕ್ಕದಲ್ಲಿ ಮುಂದಿನ ಹೆಜ್ಜೆ ಊರಿಗೆ ಬಂದು ದವಾಖಾನೆ ತೆರೆಯೋದು ಇದ್ದಿರಬೇಕು. ಆದರೆ ಅಷ್ಟರಲ್ಲಿ ಅವರಿಗೆ ಲಾಲಾ ಲಜಪತ್ ರಾಯ್ ಸಿಕ್ಕಿದ್ದರು.

ಲಜಪತ್ ರಾಯ್ 1914ರಲ್ಲಿ ಇಂಗ್ಲೆಂಡಿಗೆ ಹೋದವರು, ಯುದ್ಧ ಶುರುವಾದ್ದರಿಂದ ತಿರುಗಿ ಬರಲಾಗದೆ ಅಮೆರಿಕದಲ್ಲಿ ನೆಲೆನಿಂತಿದ್ದರು. ಇತ್ತ 1916ರ ಏಪ್ರಿಲ್‌ನಲ್ಲಿ ಟಿಳಕರ ಹೋಂರೂಲ್ ಲೀಗ್ ನಮ್ಮ ಬೆಳಗಾವಿಯಲ್ಲೇ ಹುಟ್ಟಿತ್ತು. ಅದರ ಪ್ರತಿಧ್ವನಿಯ ಹಾಗೆ 1917ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಂರೂಲ್ ಲೀಗ್ ಆಫ್ ಅಮೆರಿಕ ಶುರುವಾಯಿತು. ಲಜಪತ್ ರಾಯ್ ಅಧ್ಯಕ್ಷರು. ಅಮೆರಿಕನ್ ಪಾದ್ರಿ ಜೆ.ಟಿ. ಸಂಡರ್‌ಲ್ಯಾಂಡ್ ಜೊತೆಗಿದ್ದರು. ಕಾರ್ಯದರ್ಶಿಯಾಗಿ ದಿನನಿತ್ಯದ ಭಾರ ಹೊತ್ತವರು ಧಾರವಾಡದ ಈ ಯುವ ಡಾಕ್ಟರ್. ಆಗ ಅವರ ವಯಸ್ಸು 30ರ ಆಸುಪಾಸು, ಅಂದರೆ ನನಗಿಂತ ಚಿಕ್ಕವರು.

ಈ ಲೀಗ್ ಮಾಡುತ್ತಿದ್ದ ಕೆಲಸ ಏನು? ಬ್ರಾಡ್‌ವೇ ರಸ್ತೆಯಲ್ಲಿ ಒಂದು ಕಚೇರಿ. 1918ರ ಜನವರಿಯಿಂದ ಯಂಗ್ ಇಂಡಿಯಾ ಅನ್ನೋ ಮಾಸಪತ್ರಿಕೆ. (ಗಾಂಧೀಜಿ ಮುಂದೆ ಇಲ್ಲಿ ನಡೆಸಿದ ಪತ್ರಿಕೆ ಬೇರೆ, ಇದು ಬೇರೆ.) ಜೊತೆಗೊಂದು ಮಾಹಿತಿ ಕೇಂದ್ರ. ಭಾರತದ ತೆರಿಗೆ, ಬರ, ಶಿಕ್ಷಣ, ಸೇನಾ ಖರ್ಚಿನ ವಿವರ ಕಲೆಹಾಕಿ ಅಮೆರಿಕದ ಪತ್ರಿಕೆಗಳಿಗೆ, ಪ್ರೊಫೆಸರುಗಳಿಗೆ, ಚರ್ಚುಗಳಿಗೆ, ರಾಜಕಾರಣಿಗಳಿಗೆ ಮುಟ್ಟಿಸೋದು. ಊರೂರಿಗೆ ಹೋಗಿ ಭಾಷಣ ಮಾಡೋದು, ಸದಸ್ಯರನ್ನು ಸೇರಿಸೋದು, ಚಂದಾ ಎತ್ತೋದು. ಹರ್ಡೀಕರ್ 1919ರಲ್ಲಿ ಇದಕ್ಕಾಗಿ ಅಮೆರಿಕದ ನಗರಗಳನ್ನು ಸುತ್ತಿದರು. ಸಂಶೋಧನೆ, ಪ್ರಕಟಣೆ, ಪತ್ರಕರ್ತರ ಸಂಪರ್ಕ, ಶಾಸಕರಿಗೆ ಮನವರಿಕೆ. ಇವತ್ತು ದೆಹಲಿಯ ಏಸಿ ಕಟ್ಟಡಗಳಲ್ಲಿ ನಡೆಯೋದೂ ಇದೇ ನಾಲ್ಕು ಕೆಲಸ.

ವ್ಯತ್ಯಾಸ ಇರೋದು ಪರಿಸ್ಥಿತಿಯಲ್ಲಿ. 1917ರ ಅಮೆರಿಕದ ವಲಸೆ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ದೊಡ್ಡ ಭಾಗದಿಂದ ಬರುವವರಿಗೆ ಬಾಗಿಲು ಹಾಕಿತ್ತು. ಯುದ್ಧದಲ್ಲಿ ಅಮೆರಿಕ ಬ್ರಿಟನ್ನಿನ ಮಿತ್ರರಾಷ್ಟ್ರ. ಲೀಗ್ ಹುಟ್ಟಿದ ಮರುತಿಂಗಳೇ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಗದರ್ ಪಕ್ಷದವರ ಮೇಲೆ ಹಿಂದೂ-ಜರ್ಮನ್ ಪಿತೂರಿ ಮೊಕದ್ದಮೆ ಶುರುವಾಯಿತು. ಜರ್ಮನಿಯ ಹಣ ಪಡೆದು ಬ್ರಿಟಿಷರ ವಿರುದ್ಧ ಸಂಚು ಮಾಡಿದ ಆರೋಪ ಅದು. ಹೀಗಿರುವಾಗ ಭಾರತದ ಪರ ಬಾಯಿ ತೆರೆದ ಯಾರನ್ನಾದರೂ ಕೇಳಬಹುದಾದ ಮೊದಲ ಪ್ರಶ್ನೆ, ನಿನಗೆ ದುಡ್ಡು ಕೊಡುವವರು ಯಾರು?

ಲಜಪತ್ ರಾಯ್ ಜರ್ಮನ್ ಹಣದಿಂದ ದೂರ ಉಳಿದಿದ್ದರು. ಲೀಗ್ ಬಹಿರಂಗ ಸಂಸ್ಥೆಯಾಗಿತ್ತು, ಅಮೆರಿಕನ್ನರೂ ಸದಸ್ಯರಾಗಬಹುದಿತ್ತು, ಅದರ ಪತ್ರಿಕೆ ಯಾರ ಕೈಗಾದರೂ ಸಿಗುತ್ತಿತ್ತು. ಗುಪ್ತ ಹಣ ಇಲ್ಲದ್ದರಿಂದ ಕೈ ಯಾವಾಗಲೂ ಬಿಗಿ. ಆದರೆ ಆ ಪ್ರಶ್ನೆಗೆ ಅವರ ಬಳಿ ಉತ್ತರ ಇತ್ತು, ಅದೇ ಅವರ ಬಲ.

ಈಗ ಪ್ರಭಾವದ ವಿಚಾರಕ್ಕೆ ಬರೋಣ. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಭಾರತದ ಹೆಸರಲ್ಲಿ ಕೂತವರು ಬ್ರಿಟಿಷ್ ಸಚಿವ ಮಾಂಟೆಗೂ, ಬಿಕಾನೇರ್ ಮಹಾರಾಜ ಗಂಗಾಸಿಂಗ್ ಮತ್ತು ಲಾರ್ಡ್ ಸಿನ್ಹಾ. ಸ್ವರಾಜ್ಯ ಇಲ್ಲದ ದೇಶಕ್ಕೆ ಲೀಗ್ ಆಫ್ ನೇಷನ್ಸ್‌ನಲ್ಲಿ ಕುರ್ಚಿ ಸಿಕ್ಕಿತು. ಕುರ್ಚಿ ಭಾರತದ್ದು, ಮಾತು ಲಂಡನ್ನಿನದ್ದು. ಈ ನಾಟಕ ಅಮೆರಿಕದ ಸೆನೆಟ್ಟಿನ ವಿದೇಶಾಂಗ ಸಮಿತಿಯ ಮುಂದೆ ಬಯಲಾಗಬೇಕು ಅನ್ನೋದು ಹೋಂರೂಲಿಗರ ಪ್ರಯತ್ನ. ಆ ಆಗಸ್ಟ್‌ನಲ್ಲಿ ವಕೀಲ ಡಡ್ಲಿ ಫೀಲ್ಡ್ ಮಲೋನ್ ಸಮಿತಿಯ ಮುಂದೆ ಭಾರತದ ಪರ ವಾದ ಮಂಡಿಸಿದರು. ಜಲಿಯನ್‌ವಾಲಾಬಾಗ್ ನಡೆದು ನಾಲ್ಕು ತಿಂಗಳಾಗಿತ್ತು.

ಸೆನೆಟ್ ಕೊನೆಗೆ ವರ್ಸೇಲ್ಸ್ ಒಪ್ಪಂದವನ್ನು ತಿರಸ್ಕರಿಸಿತು. ಇದನ್ನು ಲೀಗಿನ ಗೆಲುವು ಅಂತ ಬರೆದರೆ ಸುಳ್ಳಾಗುತ್ತೆ. ತಿರಸ್ಕಾರಕ್ಕೆ ಅಮೆರಿಕದ ಒಳರಾಜಕೀಯದ ಕಾರಣಗಳಿದ್ದವು, ಭಾರತ ಅದರಲ್ಲಿ ಸಣ್ಣ ಎಳೆ. ಆದರೆ ಭಾರತದ ಪ್ರಶ್ನೆ ಬ್ರಿಟನ್ನಿನ ಮನೆಯ ವಿಷಯ ಅನ್ನೋ ವಾದ ಅಲ್ಲಿ ಮುರಿಯಿತು, ಅಮೆರಿಕದ ಶಾಸಕಾಂಗದ ದಾಖಲೆಯಲ್ಲಿ ಭಾರತದ ಅಹವಾಲು ಸೇರಿತು. ಥಿಂಕ್ ಟ್ಯಾಂಕುಗಳ ಪ್ರಭಾವ ಸಾಮಾನ್ಯವಾಗಿ ಇಷ್ಟೇ ಇರುತ್ತೆ. ಇದಕ್ಕಿಂತ ಜಾಸ್ತಿ ಹೇಳಿಕೊಳ್ಳುವ ಸಂಸ್ಥೆಯ ವಾರ್ಷಿಕ ವರದಿಯನ್ನು ನಾನು ಅನುಮಾನದಿಂದ ಓದುತ್ತೇನೆ.

1920ರ ಫೆಬ್ರವರಿಯಲ್ಲಿ ಲಜಪತ್ ರಾಯ್ ಭಾರತಕ್ಕೆ ಮರಳಿದರು. ಅದೇ ವರ್ಷದ ಕೊನೆಗೆ ನಾಗ್ಪುರ ಕಾಂಗ್ರೆಸ್ ಅಧಿವೇಶನ ಲಂಡನ್ನಿನ ತನ್ನ ಬ್ರಿಟಿಷ್ ಸಮಿತಿಯನ್ನೇ ಮುಚ್ಚಿತು. ಗಾಂಧೀಜಿಯ ಲೆಕ್ಕ ಸರಳವಾಗಿತ್ತು. ನಮ್ಮ ಬಲ ನಮ್ಮ ಹಳ್ಳಿಗಳಲ್ಲಿದೆ, ಹೊರಗಿನವರ ಮನವೊಲಿಸಲು ಯಾಕೆ ದುಡ್ಡು ಸುರಿಯಬೇಕು? ನ್ಯೂಯಾರ್ಕಿನ ಯಂಗ್ ಇಂಡಿಯಾ ಕೂಡ ಆ ವರ್ಷದೊಂದಿಗೆ ನಿಂತಿತು. 1921ರಲ್ಲಿ ಹರ್ಡೀಕರ್ ಹಿಂತಿರುಗಿದರು.

ಬಂದವರು ಹುಬ್ಬಳ್ಳಿಯಲ್ಲಿ ಯುವಕರನ್ನು ಕಟ್ಟತೊಡಗಿದರು. 1923ರ ನಾಗ್ಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮೆ ಕೇಳಲು ಒಪ್ಪಲಿಲ್ಲ. ಆ ಹಟ ದೇಶದ ಗಮನ ಸೆಳೆಯಿತು. ಅದೇ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಹಿಂದೂಸ್ಥಾನಿ ಸೇವಾದಳ ಹುಟ್ಟಿತು, ಆರೆಸ್ಸೆಸ್ ಹುಟ್ಟುವ ಎರಡು ವರ್ಷ ಮೊದಲು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ ಅದರ ಶಿಸ್ತಿನ ಹೊಣೆ ಹೊತ್ತವರು ಹರ್ಡೀಕರರ ಸ್ವಯಂಸೇವಕರು. ಮಹಿಳಾ ವಿಭಾಗವನ್ನು ಉಮಾಬಾಯಿ ಕುಂದಾಪುರ ಕಟ್ಟಿದರು. ಮುಂದೆ ಹರ್ಡೀಕರ್ 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು, 1958ರಲ್ಲಿ ಪದ್ಮಭೂಷಣ ಬಂತು, 1975ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಹಾಗಾದರೆ ಗಾಂಧೀಜಿಯ ಲೆಕ್ಕ ಸರಿಯಿತ್ತಾ? ಅರ್ಧ ಸರಿ ಅನ್ನಿಸುತ್ತೆ ನನಗೆ. ಊರಲ್ಲಿ ಜನಬಲ ಇಲ್ಲದ ವಿದೇಶಿ ಪ್ರಚಾರ ಅರ್ಜಿ ಹಾಕೋದಷ್ಟೇ ಆಗುತ್ತೆ. ಹರ್ಡೀಕರ್ ಅದನ್ನು ಅರಿತೇ ಸೇವಾದಳಕ್ಕೆ ಇಳಿದಿರಬೇಕು ಅನ್ನೋದು ನನ್ನ ಊಹೆ. ಆದರೆ ಮುಚ್ಚಿದ ಕಚೇರಿಗೂ ಒಂದು ಬೆಲೆ ಇತ್ತು. 1927ರಲ್ಲಿ ಕ್ಯಾಥರೀನ್ ಮೇಯೊ ಬರೆದ ಮದರ್ ಇಂಡಿಯಾ ಪುಸ್ತಕ ಅಮೆರಿಕದ ಓದುಗರ ಮನಸ್ಸಿನಲ್ಲಿ ಭಾರತೀಯರು ಸ್ವರಾಜ್ಯಕ್ಕೆ ಅನರ್ಹರು ಅನ್ನೋ ಚಿತ್ರ ಕೂರಿಸಿತು. ಅದಕ್ಕೆ ಅಲ್ಲೇ ಉತ್ತರ ಕೊಡಬೇಕಿದ್ದ ಪತ್ರಿಕೆ ಏಳು ವರ್ಷ ಹಿಂದೆಯೇ ನಿಂತುಹೋಗಿತ್ತು. ಲಜಪತ್ ರಾಯ್ 1928ರಲ್ಲಿ ಇಲ್ಲಿಂದಲೇ ಪುಸ್ತಕ ಬರೆದು ಉತ್ತರಿಸಬೇಕಾಯಿತು. ಕಾಂಗ್ರೆಸ್ಸಿಗೂ ಇದು ನಿಧಾನಕ್ಕೆ ಅರ್ಥವಾಯಿತು. 1936ರಲ್ಲಿ ಅದು ವಿದೇಶಾಂಗ ವಿಭಾಗ ತೆರೆದು ಯುವಕ ಲೋಹಿಯಾ ಕೈಗೆ ಕೊಟ್ಟಿತು. 1943ರಲ್ಲಿ, ಪಕ್ಷದಿಂದ ಹೊರಗೆ, ಇಂಡಿಯನ್ ಕೌನ್ಸಿಲ್ ಆಫ್ ವರ್ಲ್ಡ್ ಅಫೇರ್ಸ್ ಹುಟ್ಟಿತು. ಸ್ವಾತಂತ್ರ್ಯ ಬರುವ ಮೊದಲೇ, 1947ರ ಮಾರ್ಚ್‌ನಲ್ಲಿ, ಏಷ್ಯಾದ ದೇಶಗಳನ್ನೆಲ್ಲ ದೆಹಲಿಗೆ ಕರೆದು ಸಮ್ಮೇಳನ ನಡೆಸಿದ್ದು ಅದೇ ಸಂಸ್ಥೆ.

ಇವತ್ತು ಆ ಕೌನ್ಸಿಲ್ 2001ರ ಕಾಯ್ದೆಯ ಅಡಿ ಕೇಂದ್ರ ಸರ್ಕಾರದ ನೆರಳಲ್ಲಿದೆ. ಖಾಸಗಿ ಥಿಂಕ್ ಟ್ಯಾಂಕುಗಳಲ್ಲಿ ಹಲವು ಕಾರ್ಪೊರೇಟ್ ದೇಣಿಗೆ ಮೇಲೆ ನಿಂತಿವೆ. ವಿದೇಶಿ ದೇಣಿಗೆ ಪಡೆಯುತ್ತಿದ್ದ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನ ಎಫ್‌ಸಿಆರ್‌ಎ ಪರವಾನಗಿ 2024ರ ಜನವರಿಯಲ್ಲಿ ರದ್ದಾಯಿತು. ಸರ್ಕಾರದ ದುಡ್ಡಾದರೆ ಸರ್ಕಾರವನ್ನು ಟೀಕಿಸೋದು ಕಷ್ಟ, ಕಂಪನಿಯ ದುಡ್ಡಾದರೆ ಕಂಪನಿಯನ್ನು, ಹೊರಗಿನ ದುಡ್ಡಾದರೆ ದೇಶದ್ರೋಹಿ ಪಟ್ಟ. ಉಳಿಯೋದು ಹರ್ಡೀಕರ್ ಹಿಡಿದ ಕಷ್ಟದ ದಾರಿ: ಚಂದಾ, ಸದಸ್ಯರು, ಬಯಲಲ್ಲಿಟ್ಟ ಲೆಕ್ಕ. ಆ ದಾರಿಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಬಾಳದ ಅಪಾಯ ಇದೆ ಅನ್ನೋದನ್ನೂ ಅವರ ಲೀಗೇ ತೋರಿಸಿದೆ.

ಕಳೆದ ಸಲ ಧುಪದಾಳಕ್ಕೆ ಹೋದಾಗ ಕಾಲೇಜಿನಲ್ಲಿ ಬರೆದುಕೊಂಡ ಪಾಠ ನೆನಪಾಯಿತು. ಒಡ್ಡು ಬೇರೆ, ಅಣೆಕಟ್ಟು ಬೇರೆ. ಒಡ್ಡು ನೀರನ್ನು ಕೂಡಿಡೋದಕ್ಕಿಂತ ಹೆಚ್ಚಾಗಿ ನದಿಯ ಮಟ್ಟ ಸ್ವಲ್ಪ ಏರಿಸಿ ಕಾಲುವೆಗೆ ತಿರುಗಿಸುತ್ತೆ. ನದಿ ಬತ್ತಿದ್ದರೆ ಒಡ್ಡು ಬರೀ ಕಲ್ಲು. ಒಡ್ಡು ಇಲ್ಲದಿದ್ದರೆ ತುಂಬಿದ ನದಿಯ ಪಕ್ಕದಲ್ಲೇ ಹೊಲ ಒಣಗುತ್ತೆ. ಹರ್ಡೀಕರ್ ನ್ಯೂಯಾರ್ಕಿನಲ್ಲಿ ಒಡ್ಡಿನ ಕೆಲಸ ಮಾಡಿದರು, ಹುಬ್ಬಳ್ಳಿಗೆ ಬಂದು ನದಿಯ ಕೆಲಸ ಮಾಡಿದರು.

ಎರಡನ್ನೂ ಒಂದೇ ಬದುಕಿನಲ್ಲಿ ಮಾಡಿದ ಮನುಷ್ಯ ನಮ್ಮ ಕಡೆಯವರು. ಮುಂದಿನ ಸಂದರ್ಶನದಲ್ಲಿ ನಿಮ್ಮನ್ನು ಯಾರಾದರೂ ಕೇಳಿದರೆ, ದಯವಿಟ್ಟು ನನ್ನ ಹಾಗೆ ಇಲ್ಲ ಅನ್ನಬೇಡಿ.