ಕಪ್ಪು ಜನರಿಗೆ ಹಳದಿ ಜ್ವರ ಬರುವುದಿಲ್ಲವೇ? ರಿಚರ್ಡ್ ಅಲೆನ್ ಲೆಕ್ಕ ಕೊಟ್ಟ ಕಥೆ

ಕಪ್ಪು ಚರ್ಮದವರಿಗೆ ಕೊರೊನಾ ತಗುಲುವುದಿಲ್ಲ ಎಂಬ ಸುದ್ದಿ 2020ರ ಆರಂಭದಲ್ಲಿ ಹಲವು ದೇಶಗಳ ಫೋನುಗಳಲ್ಲಿ ಓಡಾಡಿತ್ತು. ಅದು ಸುಳ್ಳು ಎಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಆದರೆ ಈ ಸುಳ್ಳಿಗೆ ಇನ್ನೂರು ವರ್ಷಕ್ಕೂ ಹೆಚ್ಚು ವಯಸ್ಸು. ಒಮ್ಮೆ ಇದನ್ನು ನಂಬಿ ರೋಗಿಗಳ ಆರೈಕೆಗೆ ಇಳಿದವರೇ ಪ್ರಾಣ ಕೊಟ್ಟಿದ್ದಾರೆ. ಅವರನ್ನು ಮುನ್ನಡೆಸಿದವರಲ್ಲಿ ಒಬ್ಬರು ರಿಚರ್ಡ್ ಅಲೆನ್.

ಅಲೆನ್ 1760ರಲ್ಲಿ ಅಮೆರಿಕದಲ್ಲಿ ಗುಲಾಮರಾಗಿ ಹುಟ್ಟಿದರು. ತಾಯಿಯನ್ನೂ ಕೆಲವು ಒಡಹುಟ್ಟಿದವರನ್ನೂ ಮಾಲೀಕ ಮಾರಿಬಿಟ್ಟ. ಅಲೆನ್ ಸೌದೆ ಕಡಿದು, ಇಟ್ಟಿಗೆ ಗೂಡಿನಲ್ಲಿ ದುಡಿದು, ತಮ್ಮ ಬಿಡುಗಡೆಯನ್ನು ತಾವೇ ದುಡ್ಡು ಕೊಟ್ಟು ಪಡೆದರು. ಫಿಲಡೆಲ್ಫಿಯಾ ನಗರಕ್ಕೆ ಬಂದು 1787ರಲ್ಲಿ ಅಬ್ಸಲಮ್ ಜೋನ್ಸ್ ಜೊತೆ ಕಪ್ಪು ಜನರ ನೆರವಿಗಾಗಿ ಒಂದು ಸಂಘ ಕಟ್ಟಿದರು.

1793ರ ಆಗಸ್ಟ್‌ನಲ್ಲಿ ಆ ನಗರಕ್ಕೆ ಹಳದಿ ಜ್ವರ ಬಡಿಯಿತು. ಸುಮಾರು 50,000 ಜನರ ಊರು. ಕೆಲವೇ ತಿಂಗಳಲ್ಲಿ ಹತ್ತರಲ್ಲಿ ಒಬ್ಬರಂತೆ ಸತ್ತರು. ಅನುಕೂಲಸ್ಥರು ಊರು ಬಿಟ್ಟರು. ಮನೆಯವರೇ ರೋಗಿಯನ್ನು ಬಿಟ್ಟು ಓಡಿದ್ದೂ ಉಂಟು. ಆಗ ದೇಶದ ಹೆಸರಾಂತ ವೈದ್ಯ ಬೆಂಜಮಿನ್ ರಶ್, ಕಪ್ಪು ಜನರಿಗೆ ಈ ಜ್ವರ ಬರುವುದಿಲ್ಲ, ನೀವೇ ಆರೈಕೆಗೆ ಬನ್ನಿ ಎಂದು ಅಲೆನ್ ಸಂಘವನ್ನು ಕೇಳಿಕೊಂಡರು. ರಶ್ ಗುಲಾಮಗಿರಿಯ ವಿರೋಧಿ, ಕೆಟ್ಟವರಲ್ಲ. ಬೇರೊಂದು ಊರಿನ ಹಳೆಯ ವೈದ್ಯ ವರದಿಯನ್ನು ಓದಿ ನಂಬಿಬಿಟ್ಟಿದ್ದರು. ಆ ಕಾಲದ ಫಾರ್ವರ್ಡ್ ಅನ್ನಿ.

ಅಲೆನ್ ಮತ್ತು ಸಂಗಡಿಗರು ಮನೆಮನೆಗೆ ಹೋದರು. ರೋಗಿಗಳನ್ನು ನೋಡಿಕೊಂಡರು, ಹೆಣ ಹೊತ್ತರು, ಅನಾಥ ಮಕ್ಕಳಿಗೆ ಆಸರೆ ಹುಡುಕಿದರು. ರಶ್ ಹೇಳಿಕೊಟ್ಟಂತೆ 800ಕ್ಕೂ ಹೆಚ್ಚು ಜನರ ರಕ್ತ ತೆಗೆದರು. ಆ ಚಿಕಿತ್ಸೆಯಿಂದ ಉಪಯೋಗವಿಲ್ಲ ಎಂದು ನಮಗೆ ಈಗ ಗೊತ್ತು, ಆಗ ಅದೇ ವೈದ್ಯ ಪದ್ಧತಿ. ಅಷ್ಟರಲ್ಲಿ ಕಪ್ಪು ಜನರೂ ಮಲಗತೊಡಗಿದರು. ಅಲೆನ್ ಕೂಡ ಜ್ವರ ಬಿದ್ದು, ಕಷ್ಟದಿಂದ ಉಳಿದರು. ರಶ್ ತಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು.

ಜ್ವರ ಇಳಿದ ಮೇಲೆ ಬಂದದ್ದು ಕೃತಜ್ಞತೆಯಲ್ಲ, ಆರೋಪ. ಪ್ರಕಾಶಕ ಮ್ಯಾಥ್ಯೂ ಕೇರಿ ಬರೆದ ಪುಸ್ತಕ, ಕಪ್ಪು ಶುಶ್ರೂಷಕರಲ್ಲಿ ಹಲವರು ಹೆಚ್ಚು ಹಣ ಕಿತ್ತರು, ಕದ್ದರು ಎಂದಿತು. ಅಲೆನ್, ಜೋನ್ಸ್ ಇಬ್ಬರನ್ನು ಹೊಗಳಿ ಉಳಿದವರಿಗೆ ಮಸಿ ಬಳಿಯುವ ಜಾಣತನ. ಅಂದಹಾಗೆ, ಜ್ವರದ ನಡುವೆ ಕೆಲಕಾಲ ಊರು ಬಿಟ್ಟವರಲ್ಲಿ ಕೇರಿಯೂ ಒಬ್ಬರು.

ಆ ಹೊಗಳಿಕೆಗೆ ಮರುಳಾಗದೆ ಅಲೆನ್ ಮತ್ತು ಜೋನ್ಸ್ 1794ರ ಜನವರಿಯಲ್ಲಿ ಕಿರುಪುಸ್ತಕವೊಂದನ್ನು ಅಚ್ಚು ಹಾಕಿಸಿ, ಜಮಾಖರ್ಚನ್ನೇ ಮುಂದಿಟ್ಟರು. ಬಂದ ಹಣಕ್ಕಿಂತ ಖರ್ಚಾದದ್ದು ಹೆಚ್ಚು. ಕೈಯಿಂದ ಹೋದದ್ದು 170 ಪೌಂಡಿಗೂ ಮೇಲೆ. ಊರಿನಲ್ಲಿ ಹೂಳಲ್ಪಟ್ಟ ಕಪ್ಪು ಜನರ ಸಂಖ್ಯೆ 1792ರಲ್ಲಿ 67, ಜ್ವರದ ವರ್ಷ 305. ರೋಗ ತಟ್ಟದ ಜನ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಹಾಗಾದರೆ ರಶ್ ನಂಬಿದ ಮಾತು ಹುಟ್ಟಿದ್ದೆಲ್ಲಿ? ಹಳದಿ ಜ್ವರ ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಆಫ್ರಿಕಾದಲ್ಲೋ ಕೆರಿಬಿಯನ್ ದ್ವೀಪಗಳಲ್ಲೋ ಚಿಕ್ಕಂದಿನಲ್ಲೇ ಜ್ವರ ಬಂದು ಉಳಿದವರಿಗೆ ಆ ರಕ್ಷಣೆ ಇತ್ತು. ಫಿಲಡೆಲ್ಫಿಯಾ ಸುತ್ತಮುತ್ತ ಹುಟ್ಟಿ ಬೆಳೆದ ಕಪ್ಪು ಜನರಿಗೆ ಇರಲಿಲ್ಲ. ಕೆಲಸ ಮಾಡಿದ್ದು ಹಿಂದಿನ ಸೋಂಕು, ಚರ್ಮದ ಬಣ್ಣವಲ್ಲ. ರೋಗ ಹರಡುವುದು ಸೊಳ್ಳೆ ಎಂದು ಖಚಿತವಾಗಿದ್ದು 1900ರಲ್ಲಿ.

ಅಲೆನ್ ಮುಂದೆ 1816ರಲ್ಲಿ ಕಪ್ಪು ಜನರದೇ ಸ್ವತಂತ್ರ ಚರ್ಚ್ ಸಂಘಟನೆಯ ಮೊದಲ ಬಿಷಪ್ ಆದರು, 1831ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಎಂದು ಎಣಿಸುತ್ತಿದ್ದರು.