ಯಾತನಾ ಶಿಬಿರದಲ್ಲಿ ಬೆಳೆದ ಸೇಬು

ಹಣ್ಣಿನ ತಳಿಗೆ ಚೆಂದದ ಹೆಸರಿಡೋದು ವಾಡಿಕೆ. ಜರ್ಮನಿಯ ಪಾದ್ರಿ ಕೊರ್ಬಿನಿಯನ್ ಐಗ್ನರ್ ತಾವು ಬೆಳೆಸಿದ ಸೇಬುಗಳಿಗೆ ಇಟ್ಟ ಹೆಸರು ಕೆಝಡ್-1, ಕೆಝಡ್-2, ಕೆಝಡ್-3, ಕೆಝಡ್-4. ಕೆಝಡ್ ಅಂದ್ರೆ ಜರ್ಮನ್ ಭಾಷೆಯಲ್ಲಿ ಯಾತನಾ ಶಿಬಿರ ಅನ್ನೋದರ ಚುಟುಕು ರೂಪ.

ಐಗ್ನರ್ ಹುಟ್ಟಿದ್ದು 1885ರಲ್ಲಿ, ಬವೇರಿಯಾದ ಹೋಹೆನ್‌ಪೋಲ್ಡಿಂಗ್‌ನ ರೈತ ಕುಟುಂಬದಲ್ಲಿ. ಹಿರಿಮಗನಾಗಿ ಜಮೀನು ನೋಡಿಕೊಳ್ಳಬೇಕಿತ್ತು. ಅದನ್ನು ಬಿಟ್ಟು 1911ರಲ್ಲಿ ಕ್ಯಾಥೊಲಿಕ್ ಪಾದ್ರಿಯಾದರು. ಮಣ್ಣಿನ ನಂಟು ಮಾತ್ರ ಹೋಗಲಿಲ್ಲ. ಅಷ್ಟರಲ್ಲಾಗಲೇ ಊರಲ್ಲಿ ಹಣ್ಣು ಬೆಳೆಗಾರರ ಸಂಘ ಕಟ್ಟಿದ್ದರು. ಸೇಬು, ಪೇರ್ ಹಣ್ಣುಗಳ ಚಿತ್ರ ಬಿಡಿಸೋದು ಕೊನೆವರೆಗೂ ಉಳಿದ ಹುಚ್ಚು.

ನಾಜಿಗಳನ್ನು ಅವರು ಚರ್ಚಿನಲ್ಲೇ ಟೀಕಿಸುತ್ತಿದ್ದರು. ಅದಕ್ಕೆ 1937ರಲ್ಲಿ ಹೋಹೆನ್‌ಬೆರ್ಖಾ ಎಂಬ ಹಳ್ಳಿಗೆ ಎತ್ತಂಗಡಿ ಆಯ್ತು. 1939ರ ನವೆಂಬರ್ 8ರಂದು ಮ್ಯೂನಿಕ್‌ನಲ್ಲಿ ಗೇಯೋರ್ಗ್ ಎಲ್ಸರ್ ಎಂಬ ಬಡಗಿ ಇಟ್ಟ ಬಾಂಬ್ ಸಿಡಿಯಿತು. ಹಿಟ್ಲರ್ 13 ನಿಮಿಷ ಮೊದಲೇ ಎದ್ದುಹೋಗಿದ್ದ. ಮರುದಿನ ಶಾಲೆಯ ಧರ್ಮಪಾಠದಲ್ಲಿ ಐಗ್ನರ್, ಆ ಪ್ರಯತ್ನ ಪಾಪವೋ ಅಲ್ಲವೋ ತಮಗೆ ಗೊತ್ತಿಲ್ಲ, ಗುರಿ ತಪ್ಪದಿದ್ದರೆ ಲಕ್ಷಾಂತರ ಜೀವ ಉಳಿಯುತ್ತಿತ್ತೇನೋ ಎಂಬರ್ಥದ ಮಾತಾಡಿದರು. ಪೊಲೀಸರಿಗೆ ಸುದ್ದಿ ಮುಟ್ಟಿಸಿದ್ದು ಅದೇ ಶಾಲೆಯ ಶಿಕ್ಷಕಿ.

ನನ್ನನ್ನು ಕಾಡೋದು ಈ ಭಾಗವೇ. ಗೂಢಚಾರರು ಬೇಕಾಗಲೇ ಇಲ್ಲ, ಪಕ್ಕದ ತರಗತಿಯವರೇ ಸಾಕಾಯ್ತು. ಸರ್ವಾಧಿಕಾರ ನಡೆಯೋದೇ ಹೀಗೆ.

ಕೋರ್ಟು ಕೊಟ್ಟಿದ್ದು ಏಳು ತಿಂಗಳ ಶಿಕ್ಷೆ. ಅವಧಿ ಮುಗಿದರೂ ಬಿಡದೆ ಜಾಕ್ಸನ್‌ಹೌಸನ್ ಶಿಬಿರಕ್ಕೆ, 1941ರಲ್ಲಿ ಡಾಖೌಗೆ ಸಾಗಿಸಿದರು. ಅಲ್ಲಿ ಕೈದಿಗಳಿಂದ ಗಿಡಮೂಲಿಕೆ ತೋಟದಲ್ಲಿ ಬಲವಂತದ ದುಡಿಮೆ. ಐಗ್ನರ್ ಬ್ಯಾರಕ್‌ಗಳ ನಡುವಿನ ಜಾಗದಲ್ಲಿ ಸೇಬಿನ ಸಸಿ ಬೆಳೆಸಿದರು. ಬೀಜದಿಂದ ಎದ್ದ ಸೇಬು ಫಲ ಕೊಡಲು ಹಲವು ವರ್ಷ ಬೇಕು. ಎಂಜಿನಿಯರಿಂಗ್ ಓದಿದ ನಾನು ಯಾವುದಕ್ಕೂ ಡೆಡ್‌ಲೈನ್ ಕೇಳೋನು. ನಾಳೆ ಬದುಕಿರ್ತೀನಾ ಅನ್ನೋದೇ ಗೊತ್ತಿಲ್ಲದವರು ಇಷ್ಟು ದೂರದ ಲೆಕ್ಕ ಹಾಕಿದ್ದು ಹೇಗೆ?

1945ರ ಏಪ್ರಿಲ್‌ನಲ್ಲಿ ಕೈದಿಗಳನ್ನು ದಕ್ಷಿಣಕ್ಕೆ ನಡೆಸಿಕೊಂಡು ಹೊರಟಾಗ ಐಗ್ನರ್ ತಪ್ಪಿಸಿಕೊಂಡು ಒಂದು ಮಠದಲ್ಲಿ ಅಡಗಿ ಉಳಿದರು. ಆಮೇಲೆ ಹೋಹೆನ್‌ಬೆರ್ಖಾಕ್ಕೆ ಮರಳಿ ಮತ್ತೆ ಅದೇ ಚರ್ಚು, ಅದೇ ತೋಟ, ಅದೇ ಕುಂಚ. 1966ರಲ್ಲಿ ತೀರಿಕೊಂಡರು. ಪೋಸ್ಟ್‌ಕಾರ್ಡ್ ಅಳತೆಯ ಅವರ ನೂರಾರು ಚಿತ್ರಗಳು 2012ರಲ್ಲಿ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನದ ಗೋಡೆ ತುಂಬಿದವು.

ನಾಲ್ಕು ತಳಿಗಳಲ್ಲಿ ಉಳಿದದ್ದು ಕೆಝಡ್-3 ಒಂದೇ. 1985ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ಅದಕ್ಕೆ ಕೊರ್ಬಿನಿಯನ್ ಸೇಬು ಅಂತ ಹೆಸರಿಟ್ಟರು. ಒಬ್ಬನ ಒಂದು ಮಾತಿನಿಂದ ಏನಾಗುತ್ತೆ ಅಂತ ಕೇಳುವ ಗೆಳೆಯರಿಗೆ ನಾನು ಈ ಮರದ ಕಥೆ ಹೇಳ್ತೀನಿ. ಆ ಮಾತು ಹಿಟ್ಲರನನ್ನು ತಡೆಯಲಿಲ್ಲ, ನಿಜ. ಆದರೆ ಆಡಿದವರನ್ನು ಮುಗಿಸೋದಕ್ಕೂ ಅವನಿಂದ ಆಗಲಿಲ್ಲ.