ಗಣಿತಾಚಾರ್ಯ ಮಹಾವೀರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ (814–878) ವಿದ್ವತ್ಪರಂಪರೆಯನ್ನು ಕುರಿತು ಹೇಳುವಾಗ ನಮ್ಮ ಸಾಹಿತ್ಯ ಚರಿತ್ರೆಗಳು ಕವಿರಾಜಮಾರ್ಗಕ್ಕೆ ಮೊದಲ ಮನ್ನಣೆ ಕೊಡುತ್ತವೆ. ಅದು ಸಹಜವೇ. ಜಿನಸೇನನ ಪುರಾಣಕ್ಕೂ ಶಾಕಟಾಯನನ ವ್ಯಾಕರಣಕ್ಕೂ ತಕ್ಕ ಸ್ಥಾನ ದೊರೆಯುತ್ತದೆ. ಅದೇ ಕಾಲದಲ್ಲಿ, ಸುಮಾರು 850ರ ವೇಳೆಗೆ, ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನಿಗೆ ಮಾತ್ರ ಒಂದು ಸಾಲು ಸಿಕ್ಕರೆ ಹೆಚ್ಚು. ಲೆಕ್ಕದ ಪುಸ್ತಕಕ್ಕೆ ಸಾಹಿತ್ಯ ಚರಿತ್ರೆಯಲ್ಲಿ ಏನು ಕೆಲಸ ಎಂಬ ಭಾವನೆ ಇದಕ್ಕೆ ಕಾರಣವಾಗಿರಬೇಕು. ಆದರೆ ಕಲಿಯುವವನ ಕಷ್ಟವನ್ನು ಬಲ್ಲ ಒಬ್ಬ ಬರಹಗಾರ ಈ ಗ್ರಂಥದ ಉದ್ದಕ್ಕೂ ಇದ್ದಾನೆ. ಅವನನ್ನು ಗಣಿತಜ್ಞರಿಗಷ್ಟೇ ಬಿಟ್ಟುಕೊಡುವುದು ನಮಗೆ ನಷ್ಟ.

ಮಹಾವೀರ ದಿಗಂಬರ ಜೈನ. ತಂದೆತಾಯಿ, ಊರು, ಗುರು ಇವುಗಳ ವಿವರಕ್ಕೆ ಅವನು ತನ್ನ ಗ್ರಂಥದಲ್ಲಿ ಎಡೆಗೊಟ್ಟಿಲ್ಲ. ತನ್ನದೇ ಹೆಸರಿನ ತೀರ್ಥಂಕರನಿಗೆ ವಂದಿಸಿ, ನೃಪತುಂಗನ ಆಳ್ವಿಕೆ ಅಭಿವೃದ್ಧಿ ಹೊಂದಲಿ ಎಂದು ಹಾರೈಸಿ, ಅವನು ನೇರವಾಗಿ ಗಣಿತದ ಪ್ರಶಂಸೆಗೆ ತೊಡಗುತ್ತಾನೆ. ಲೌಕಿಕ, ವೈದಿಕ, ಸಾಮಾಯಿಕ ವ್ಯವಹಾರಗಳಿಗೆಲ್ಲ ಗಣಿತ ಬೇಕು. ಅರ್ಥಶಾಸ್ತ್ರಕ್ಕೂ ಸಂಗೀತ ನಾಟಕಗಳಿಗೂ ವೈದ್ಯ ವಾಸ್ತುಗಳಿಗೂ ಬೇಕು. ಈ ಪಟ್ಟಿಯಲ್ಲಿ ಅಡುಗೆಯ ಶಾಸ್ತ್ರವೂ ಇದೆ, ಛಂದಸ್ಸು ಅಲಂಕಾರಗಳೂ ಇವೆ. ಕಾವ್ಯಲಕ್ಷಣದ ಚರ್ಚೆ ಬಿಸಿಯಾಗಿದ್ದ ಆಸ್ಥಾನದಲ್ಲಿ ಕುಳಿತವನಿಗೆ ಛಂದಸ್ಸಿನ ಲೆಕ್ಕ ನೆನಪಾದದ್ದು ಆಕಸ್ಮಿಕವಲ್ಲ. ತಾನು ಮಾಡಿದ್ದು ಹಿಂದಿನವರ ಜ್ಞಾನಸಾಗರದಿಂದ ಕೆಲವು ರತ್ನಗಳನ್ನು ಆಯ್ದುಕೊಟ್ಟದ್ದು ಮಾತ್ರ ಎಂಬ ವಿನಯ ಅವನದು. ಆ ವಿನಯವನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ.

ಅವನ ಶಕ್ತಿ ಚೆನ್ನಾಗಿ ಕಾಣುವುದು ಪ್ರಕೀರ್ಣಕ ವ್ಯವಹಾರದಲ್ಲಿ. ಇಂದು ಶಾಲೆಯಲ್ಲಿ ಬೀಜಗಣಿತದ ವಾಕ್ಯರೂಪದ ಲೆಕ್ಕಗಳೆಂದು ಕಲಿಸುವಂಥವು ಅಲ್ಲಿ ಭಾಗ, ಶೇಷ, ಮೂಲ, ಶೇಷಮೂಲ ಮೊದಲಾದ ಹತ್ತು ಜಾತಿಗಳಾಗಿ ವಿಂಗಡಗೊಂಡಿವೆ. ವಿದ್ಯಾರ್ಥಿ ಸೋಲುವುದು ಸಾಮಾನ್ಯವಾಗಿ ಕೂಡುವುದರಲ್ಲಿ, ಕಳೆಯುವುದರಲ್ಲಿ ಅಲ್ಲ; ಎದುರಿಗಿರುವ ಮಾತುಗಳನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತೋಚದೆ ಅವನು ಸೋಲುತ್ತಾನೆ. ಜಾತಿ ಗೊತ್ತಾದರೆ ದಾರಿ ಗೊತ್ತಾಗುತ್ತದೆ. ಮೂಲಜಾತಿಯ ಒಂದು ಲೆಕ್ಕ ಹೀಗಿದೆ: ಒಂದು ಒಂಟೆಯ ಹಿಂಡಿನ ನಾಲ್ಕನೆಯ ಒಂದು ಭಾಗ ಕಾಡಿನಲ್ಲಿ ಕಂಡಿತು, ಒಟ್ಟು ಸಂಖ್ಯೆಯ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋದವು, ಹದಿನೈದು ನದಿಯ ದಡದಲ್ಲಿ ಉಳಿದವು. ಹಿಂಡಿನಲ್ಲಿದ್ದ ಒಂಟೆಗಳೆಷ್ಟು?

ಇಂದಿನ ವಿದ್ಯಾರ್ಥಿ ಒಟ್ಟು ಸಂಖ್ಯೆಯ ವರ್ಗಮೂಲವನ್ನು ಅವ್ಯಕ್ತವೆಂದು ಹಿಡಿಯುತ್ತಾನೆ. ಅದರ ವರ್ಗದ ಮೂರರಷ್ಟರಿಂದ ಅದರ ಎಂಟರಷ್ಟನ್ನೂ 60ನ್ನೂ ಕಳೆದರೆ ಸೊನ್ನೆ ಎಂಬ ವರ್ಗಸಮೀಕರಣ ದೊರೆಯುತ್ತದೆ. ಅಪವರ್ತಿಸಲು ಗುಣಲಬ್ಧ −180, ಮೊತ್ತ −8 ಆಗುವ ಎರಡು ಸಂಖ್ಯೆಗಳನ್ನು ಹುಡುಕಬೇಕು. 10 ಮತ್ತು −18 ಹೊಳೆದವನಿಗೆ ಲೆಕ್ಕ ಬಿಡಿಸಿದಂತೆಯೇ. ಹೊಳೆಯದವನು ಕೈಕಟ್ಟಿ ಕುಳಿತುಕೊಳ್ಳುತ್ತಾನೆ. ಮಹಾವೀರನ ಸೂತ್ರದಲ್ಲಿ ಊಹೆಗೆ ಕೆಲಸವಿಲ್ಲ. ಒಂದರಿಂದ ಕಾಲನ್ನು ಕಳೆದರೆ ಮುಕ್ಕಾಲು. ವರ್ಗಮೂಲದ ಗುಣಕವಾದ 2ರ ಅರ್ಧವನ್ನೂ 15ನ್ನೂ ಮುಕ್ಕಾಲಿನಿಂದ ಭಾಗಿಸಿದರೆ 4/3, 20. ಮೊದಲನೆಯದರ ವರ್ಗಕ್ಕೆ 20 ಕೂಡಿಸಿದರೆ 196/9. ಅದರ ಮೂಲ 14/3. ಅದಕ್ಕೆ ಮತ್ತೆ 4/3 ಸೇರಿದರೆ 6. ಅದರ ವರ್ಗ 36. ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15.

ಇದೇ ಪ್ರಕರಣದ ನವಿಲಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ನವಿಲುಗಳ ಹದಿನಾರನೆಯ ಒಂದು ಭಾಗದ ವರ್ಗ ಮಾವಿನ ಮರದಲ್ಲಿ. ಆ ಹದಿನಾರನೆಯ ಭಾಗ ಕಳೆದು ಉಳಿದುದರ ಒಂಬತ್ತನೆಯ ಭಾಗದ ವರ್ಗ ಮತ್ತು ಹದಿನಾಲ್ಕು ತಮಾಲ ವೃಕ್ಷಗಳಲ್ಲಿ. ಉತ್ತರ 48: ಮಾವಿನಲ್ಲಿ 9, ತಮಾಲದಲ್ಲಿ 25 ಮತ್ತು 14. ಆದರೆ ಇದರ ಸಮೀಕರಣಕ್ಕೆ 336/17 ಎಂಬ ಇನ್ನೊಂದು ಮೂಲವೂ ಇದೆ. ನವಿಲನ್ನು ತುಂಡರಿಸದೆ ಅದು ಒಪ್ಪುವುದಿಲ್ಲ. ವರ್ಗಸಮೀಕರಣಕ್ಕೆ ಎರಡು ಮೂಲಗಳಿರುವುದನ್ನು ಮಹಾವೀರ ಬಲ್ಲವನಾಗಿದ್ದನು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದೂ ಅವನು ಸ್ಪಷ್ಟಪಡಿಸಿದ್ದಾನೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದದ್ದು ಅವನ ತಪ್ಪು. ಅದನ್ನು ಮುಚ್ಚಿಡುವುದರಿಂದ ಅವನ ಗೌರವವೇನೂ ಹೆಚ್ಚುವುದಿಲ್ಲ.

ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ನದಿಯ ದಡದಲ್ಲಿದೆ. ಕಾಗಿಣಾ ಭೀಮೆಯನ್ನೂ ಭೀಮೆ ಕೃಷ್ಣೆಯನ್ನೂ ಸೇರುತ್ತದೆ. ಆ ನೀರು ವಿಜಯವಾಡದಲ್ಲಿ ಇಂದ್ರಕೀಲಾದ್ರಿಯ ಬುಡವನ್ನು ಹಾದು ಸಮುದ್ರಕ್ಕೆ ಹೋಗುತ್ತದೆ. ಅಮೋಘವರ್ಷನ ಸೇನೆ ವೆಂಗಿಯ ಚಾಲುಕ್ಯರೊಡನೆ ಕಾದಾಡಿದ ನಾಡು ಅದು. ಮಹಾವೀರನ ಗ್ರಂಥವೂ ಆ ಕಡೆಗೇ ಹೋಯಿತು, ಸೈನ್ಯಕ್ಕಿಂತ ಹೆಚ್ಚು ಕಾಲ ಅಲ್ಲಿ ನಿಂತಿತು. ಹನ್ನೊಂದನೆಯ ಶತಮಾನದಲ್ಲಿ, ನನ್ನಯನ ಪೋಷಕನಾದ ರಾಜರಾಜನರೇಂದ್ರನ ಕಾಲದವನೆಂದು ಹೇಳಲಾಗುವ ಪಾವುಲೂರಿ ಮಲ್ಲನ ಅದನ್ನು ತೆಲುಗು ಪದ್ಯಗಳಿಗೆ ತಂದನು. ಮಲ್ಲನ ಶೈವ. ಜಿನಾಲಯ, ಜಿನಪೂಜೆಗಳಿದ್ದ ಲೆಕ್ಕಗಳಲ್ಲಿ ಅವನು ಶಿವನನ್ನು ತಂದನು, ಅಳತೆಗಳನ್ನು ತನ್ನ ನಾಡಿಗೆ ಒಗ್ಗಿಸಿದನು. ಕಲಿಯುವವನಿಗೆ ಲೆಕ್ಕ ಪರಕೀಯವೆನಿಸಬಾರದೆಂಬ ಮಹಾವೀರನ ಧೋರಣೆಗೆ ಇದಕ್ಕಿಂತ ನಿಷ್ಠವಾದ ಅನುವಾದ ಬೇರೆ ಇರಲಾರದು.

ಗ್ರಂಥ ಹುಟ್ಟಿದ ನಾಡಿನಲ್ಲಿ ಕಥೆ ಬೇರೆ. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯ ವ್ಯವಹಾರಗಣಿತ ಮೊದಲಾದವುಗಳನ್ನು ಕನ್ನಡದಲ್ಲಿ ಬರೆದು ಕನ್ನಡ ಗಣಿತ ಸಾಹಿತ್ಯಕ್ಕೆ ತಳಹದಿ ಹಾಕಿದನು. ಆದರೆ ಅವು ಸ್ವತಂತ್ರ ಕೃತಿಗಳು. ಗಣಿತಸಾರಸಂಗ್ರಹವನ್ನು ಕನ್ನಡ ವಿದ್ಯಾರ್ಥಿಗೆ ತಲುಪಿಸಿದವರು ಟೀಕಾಕಾರರು. ವಲ್ಲಭನೆಂಬವನು ಕನ್ನಡದಲ್ಲಿ ಟೀಕೆ ಬರೆದನು. ಅದೇ ಗ್ರಂಥಕ್ಕೆ ತೆಲುಗು ಟೀಕೆಯೂ ತನ್ನದೇ ಎಂದು ಹೇಳಿಕೊಂಡಿದ್ದಾನೆ. ಎರಡು ಭಾಷೆಗಳ ಮಕ್ಕಳಿಗೆ ಒಂದೇ ಲೆಕ್ಕ ಬಿಡಿಸಿಕೊಟ್ಟ ಈ ಉಪಾಧ್ಯಾಯನ ಹೆಸರನ್ನು ನಮ್ಮ ಕವಿಚರಿತೆಗಳ ಓದುಗರು ಅಷ್ಟಾಗಿ ಗಮನಿಸಿಲ್ಲ. ಮೂಡಬಿದಿರೆಯ ಜೈನ ಭಂಡಾರದ ತಾಳೆಗರಿಗಳಲ್ಲಿ ಕನ್ನಡ ಲಿಪಿಯಲ್ಲಿ ಮೂಲಗ್ರಂಥ ಉಳಿದು ಬಂದಿತು. ಅದನ್ನೂ ಇತರ ಪ್ರತಿಗಳನ್ನೂ ನೋಡಿ ಮದರಾಸಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚು ಹಾಕಿಸಿದರು. ಹೊರಜಗತ್ತಿನ ವಿದ್ವಾಂಸರಿಗೆ ಮಹಾವೀರನ ಪರಿಚಯವಾದದ್ದು ಆ ಮುದ್ರಣದಿಂದ. ಎಲ್.ಸಿ. ಜೈನ್ ಅವರ ಹಿಂದಿ ಅನುವಾದ 1963ರಲ್ಲಿ ಸೊಲ್ಲಾಪುರದಿಂದ ಬಂದಿತು. ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಲ್ಲಿ ಪ್ರಕಟವಾಗುವಾಗ 2000ನೆಯ ಇಸವಿಯಾಗಿತ್ತು. ಮಲ್ಲನನ ತೆಲುಗು ಕೃತಿಗೆ ಆಗ ಸುಮಾರು ಒಂಬೈನೂರೈವತ್ತು ವರ್ಷ.